ಅರುವತ್ತೊಂದು ಕೀಗಳ ಉಪಕಾರ

ತೊಂದರೆಗೆಲ್ಲ ಮೂಲ ಕೀಬೋರ್ಡು ಕೇಳಿದ ಒಂದೇ ಒಂದು ಪ್ರಶ್ನೆ.

ಹನ್ನೆರಡು ವರ್ಷಗಳ ಹಿಂದೆ ಮದುವೆ ಸಮಾರಂಭಗಳಲ್ಲಿ ಹಾಡು ನುಡಿಸುವ ಆಲಂಕಾರು ಊರಿನ ಮಾಯಿಲಪ್ಪ ತನ್ನ ಹೊಸ ಕೀಬೋರ್ಡಿನಲ್ಲಿ ಮೊದಲ ಹಾಡಿಗೆ ತಾಳ, ಸ್ವರ ಎಲ್ಲ ಕೂಡಿಸಿ ಉಳಿಸಹೊರಟಾಗ, ಅದರ ಪುಟ್ಟ ಪರದೆ ‘ಹೆಸರು?’ ಎಂದು ಇಂಗ್ಲಿಷಿನಲ್ಲಿ ಕೇಳಿತು. ಯಾರ ಹೆಸರು ಎಂದು ಹೇಳಲಿಲ್ಲ. ಊರಿನ ಭಜನಾ ಮಂದಿರದಲ್ಲಿ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಗಡಿಯಾರದ ಗಾಜಿನ ಮೇಲೆ ಕೊಟ್ಟವರ ಹೆಸರನ್ನೇ ಓದಿ ಬೆಳೆದವನಿಗೆ ಅನುಮಾನವೇ ಬರಲಿಲ್ಲ. ಉಪಕಾರ ಮಾಡಿದವರ ಹೆಸರು, ಇನ್ನು ಯಾರದ್ದು? ಆ ದಿನ ಕರೆಂಟು ಹೋದಾಗ ತಮ್ಮ ಮನೆಯ ಇನ್ವರ್ಟರಿನಿಂದ ವಯರು ಎಳೆದು ಕೊಟ್ಟವರು ಪಕ್ಕದ ಮನೆಯ ತಿಮ್ಮಕ್ಕ. ಹಾಗಾಗಿ ಮದುವೆಯ ಸ್ವಾಗತದ ಹಾಡಿಗೆ ತಿಮ್ಮಕ್ಕ ಎಂದು ಹೆಸರಾಯಿತು.

ತೊಟ್ಟಿಲ ಹಾಡು ಝಾಕಿರ್. ಕಡಬದಲ್ಲಿ ಸ್ಟಿಕ್ಕರ್ ಅಂಗಡಿ ಇಟ್ಟ ಈ ಝಾಕಿರ್, ಮಾಯಿಲಪ್ಪನ ಅಡಾಪ್ಟರು ಸುಟ್ಟುಹೋದಾಗ ದುಬೈಯಲ್ಲಿದ್ದ ಭಾವನಿಂದ ಹೊಸತು ತರಿಸಿಕೊಟ್ಟಿದ್ದ. ಹೀಗೆ ಅರುವತ್ತು ಹಾಡು, ಅರುವತ್ತು ಹೆಸರು. ಎಲ್ಲ ಸೇರಿ ಫೋಲ್ಡರ್ ಒಂದೇ, ಅದರ ಹೆಸರು ‘ಉಪಕಾರ’. ಯಾವ ಹೆಸರಿನ ಹಿಂದೆ ಯಾವ ಹಾಡು ಎಂದು ಮಾಯಿಲಪ್ಪನಿಗೆ ಒಮ್ಮೆಯೂ ತಪ್ಪಿದ್ದಿಲ್ಲ.

ಅರುವತ್ತನೆಯದು ‘ಟೀಚರ್’. ಪರಮೇಶ್ವರಿ ಟೀಚರಿಗೆ ಇವತ್ತು ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಬೀಳ್ಕೊಡುಗೆ. ನಾಲ್ಕನೇ ಕ್ಲಾಸಿನಲ್ಲಿ ಶಾಲೆಯ ಹಾರ್ಮೋನಿಯಮ್ಮನ್ನು ಕದ್ದು ನುಡಿಸಿ ಸಿಕ್ಕಿಬಿದ್ದ ಮಾಯಿಲಪ್ಪನಿಗೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಟೀಚರು ಬೆತ್ತ ತೋರಿಸದೆ, “ಎಡಗೈಯಲ್ಲಿ ಗಾಳಿ ಹಾಕುದು, ಹೀಗೆ” ಎಂದು ಕಲಿಸಿದ್ದರು. ಅವನ ಅನ್ನ ಅಲ್ಲಿಂದ ಶುರು. ಆ ಋಣಕ್ಕೆ ಎರಡು ತಿಂಗಳು ಕೂತು ಹೊಸ ಹಾಡು ಕೂಡಿಸಿದ್ದ. ಅದೊಂದು ಸರಿಯಾಗಿ ನುಡಿದರೆ ಸಾಕಿತ್ತು.

ಬೆಳಿಗ್ಗೆ ತಿಮ್ಮಕ್ಕನ ಮೊಮ್ಮಗಳು ಅಪೇಕ್ಷಾ ಬಂದಳು. ಕಂಪ್ಯೂಟರ್ ಕಲಿಯುವ ಹುಡುಗಿ. ಪರದೆ ನೋಡಿ ಹೌಹಾರಿದಳು.

“ಎಂತ ಮಾಯಿಲಣ್ಣ ಇದು? ಹಾಡಿನ ಹೆಸರು ಒಂದೂ ಇಲ್ಲ. ಮತದಾರರ ಪಟ್ಟಿಯಾ?”

“ನಂಗೆ ಗೊತ್ತಾಗ್ತದೆ ಮಾರಾಯ್ತಿ.”

“ನಾಳೆ ನಿಮ್ಗೆ ಜ್ವರ ಬಂದ್ರೆ? ಬೇರೆಯವರು ನುಡಿಸುದು ಹೇಗೆ? ನೀವು ಸ್ನಾನ ಮಾಡಿ ಬನ್ನಿ, ನಾನು ಸರಿ ಮಾಡಿಡ್ತೇನೆ.”

ಕಲಿತವರ ಮಾತಿಗೆ ಎದುರಾಡುವ ಅಭ್ಯಾಸ ಮಾಯಿಲಪ್ಪನಿಗಿಲ್ಲ. ಹಂಡೆಯ ನೀರು ಮುಗಿಯುವಷ್ಟರಲ್ಲಿ ಅವಳು ಹಾಡುಗಳೆಲ್ಲ ಇದ್ದ ಕೀಬೋರ್ಡಿನ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹತ್ತು ಫೋಲ್ಡರ್ ಮಾಡಿ, ಅರುವತ್ತು ಹಾಡನ್ನೂ ಎ-01, ಬಿ-04 ಎಂದು ವೇಗದ ಪ್ರಕಾರ ಜೋಡಿಸಿಬಿಟ್ಟಿದ್ದಳು. ಸಾಲದ್ದಕ್ಕೆ ‘ಉಪಕಾರ’ ಎಂಬ ಹಳೆಯ ಪಟ್ಟಿಯ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದಳು: ‘ನೀವೆಲ್ಲ ಮಾಯಿಲಣ್ಣನ ಕೀಬೋರ್ಡಿನಲ್ಲಿ ಇದ್ದಿರಿ. ಈಗ ಎಲ್ಲ ತೆಗೆದು ಕ್ಲೀನ್ ಮಾಡಿದ್ದೇನೆ.’ ಆಮೇಲೆ ಪರೀಕ್ಷೆ ಬರೆಯಲು ಪುತ್ತೂರಿನ ಬಸ್ಸು ಹತ್ತಿದಳು. ಮೊಬೈಲ್ ಸ್ವಿಚ್ ಆಫ್, ಸಂಜೆ ಐದರವರೆಗೆ.

ಮಾಯಿಲಪ್ಪ ಕೀಬೋರ್ಡಿನ ಮುಂದೆ ಕೂತು ‘ಟೀಚರ್’ ಹುಡುಕಿದ. ಎ-01 ಎಂದರೆ ಯಾರು? ಯಾವ ಉಪಕಾರ? ಒಂದೂ ತಲೆಗೆ ಹತ್ತಲಿಲ್ಲ. ಒಂದೊಂದಾಗಿ ನುಡಿಸಿ ನೋಡುವ ಎಂದು ಹೊರಟರೆ ಅಂಗಳದಲ್ಲಿ ತಿಮ್ಮಕ್ಕ.

“ನನ್ನ ಹೆಸರು ಯಾಕೆ ತೆಗ್ದದ್ದು ಮಾಯಿಲ? ನಾನು ನಿಂಗೆ ಎಂತ ಮಾಡಿದ್ದೇನೆ?”

“ತೆಗ್ದದ್ದು ನಿಮ್ಮ ಮೊಮ್ಮಗಳು ತಿಮ್ಮಕ್ಕ! ಕರೆಂಟು ಹೋದಾಗ ನೀವು ವಯರು ಕೊಟ್ಟದ್ದಕ್ಕೇ ನಾನು ಆ ಹೆಸರು ಇಟ್ಟದ್ದು.”

“ಅವಳು ಮಗು. ನಿಂಗೆ ಬುದ್ಧಿ ಬೇಡ್ವಾ?” ಎಂದವರು, “ಆ ವಯರು ಕೊಟ್ಟದ್ದು ನಂಗೇ ಮರ್ತು ಹೋಗಿತ್ತು ಮಾರಾಯ. ನೀನು ನೆನಪಿಟ್ಟಿದ್ದೀಯಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಝಾಕಿರನ ಫೋನು. “ಅಣ್ಣಾ, ನಾನು ಇಷ್ಟು ವರ್ಷ ನಿಮ್ಮ ಕೀಬೋರ್ಡಿನ ಒಳಗೆ ಇದ್ದದ್ದು ಇವತ್ತೇ ಗೊತ್ತಾದದ್ದು. ಗೊತ್ತಾದ ದಿನವೇ ಹೊರಗೆ ಹಾಕಿದ್ರಲ್ಲ!” ಹೀಗೆ ಮಧ್ಯಾಹ್ನದವರೆಗೆ ಮೂವತ್ತೆರಡು ಫೋನು. ಎಲ್ಲರಿಗೂ ಇದ್ದದ್ದಕ್ಕೆ ಸಂತೋಷ, ತೆಗೆದದ್ದಕ್ಕೆ ಸಿಟ್ಟು.

ಒಂದು ಗಂಟೆಗೆ ಜೀಪಿನಲ್ಲಿ ಬಂದವರು ತ್ಯಾಂಪಣ್ಣ. ಭಜನಾ ಮಂದಿರಕ್ಕೂ ಶಾಲಾ ಸಮಿತಿಗೂ ಅವರೇ ಅಧ್ಯಕ್ಷರು. ಅವರ ದೂರು ಬೇರೆಯೇ ಆಗಿತ್ತು.

“ಪಟ್ಟಿ ಎರಡೆರಡು ಸಲ ಓದಿದೆ. ನನ್ನ ಹೆಸರು ಇರ್ಲೇ ಇಲ್ಲ.”

ಮಾಯಿಲಪ್ಪ ತಲೆ ಕೆರೆದುಕೊಂಡ. ಹಾಡಿನ ಮಧ್ಯೆ ಮೈಕು ತೆಗೆದುಕೊಂಡು ಭಾಷಣ ಮಾಡಿದ್ದು ಬಿಟ್ಟರೆ ತ್ಯಾಂಪಣ್ಣನ ಉಪಕಾರ ಒಂದೂ ನೆನಪಾಗಲಿಲ್ಲ.

“ಈಗ ಉಪಕಾರ ಮಾಡಿದ್ರೆ ಹಾಕ್ತೀಯಾ? ಕೀಬೋರ್ಡು ಇತ್ತ ಕೊಡು. ಶಾಲೆಗೆ ನಾನೇ ಮುಟ್ಟಿಸ್ತೇನೆ. ನೀನು ಊಟ ಮಾಡಿ ಆರಾಮಲ್ಲಿ ಬಾ.”

ಆ ಹತ್ತು ಕಿಲೋ ಭಾರವನ್ನು ಸ್ಕೂಟರಿನಲ್ಲಿ ಕಟ್ಟಿಕೊಂಡು ಹೋಗುವುದು ತಪ್ಪಿತಲ್ಲ ಎಂದು ಮಾಯಿಲಪ್ಪ ಕೈ ಮುಗಿದ. ಜೀಪು ಶಾಲೆಯ ದಾರಿ ಬಿಟ್ಟು ಕಡಬದ ಕಡೆ ತಿರುಗಿದ್ದನ್ನು ಅವನು ನೋಡಲಿಲ್ಲ.

ನಾಲ್ಕಕ್ಕೆ ವೇದಿಕೆಯಲ್ಲಿ ಬಟ್ಟೆ ಸರಿಸಿದ ಮಾಯಿಲಪ್ಪ ಹಾಗೇ ನಿಂತುಬಿಟ್ಟ. ಅರುವತ್ತೊಂದು ಕೀಗಳ ಮೇಲೂ ರೇಡಿಯಂ ಸ್ಟಿಕ್ಕರು, ಒಂದೊಂದರ ಮೇಲೆ ಒಂದೊಂದು ಹೆಸರು. ಹೆಸರು ಎದ್ದು ಕಾಣಲಿ ಎಂದು ಝಾಕಿರ್ ಬಿಳಿ ಕೀಗೆ ಕಪ್ಪು ಸ್ಟಿಕ್ಕರು, ಕಪ್ಪು ಕೀಗೆ ಬಿಳಿ ಸ್ಟಿಕ್ಕರು ಅಂಟಿಸಿದ್ದ. ಎಡತುದಿಗೆ ತಿಮ್ಮಕ್ಕ. ಪಟ್ಟಿಯಲ್ಲಿದ್ದದ್ದು ಅರುವತ್ತು ಹೆಸರು, ಉಳಿದ ಒಂದು ಕೀ ಬಲತುದಿಯದ್ದು. ಅದರ ಮೇಲೆ ‘ತ್ಯಾಂಪಣ್ಣ, ಅಧ್ಯಕ್ಷರು’.

ತ್ಯಾಂಪಣ್ಣ ಮೈಕು ಹಿಡಿದರು. “ಒಳಗಿನ ಹೆಸರು ಯಾರಿಗೂ ಅಳಿಸ್ಲಿಕ್ಕೆ ಆಗ್ತದೆ. ಇದು ರೇಡಿಯಂ. ಹತ್ತು ವರ್ಷ ಗ್ಯಾರಂಟಿ! ನಮ್ಮನ್ನೆಲ್ಲ ನೆನಪಿಟ್ಟವನಿಗೆ ಇದು ಊರಿನ ಉಪಕಾರ.”

ಚಪ್ಪಾಳೆಯೋ ಚಪ್ಪಾಳೆ. ಮಾಯಿಲಪ್ಪ ಕೈ ಮುಗಿದ. ತ್ಯಾಂಪಣ್ಣ, ಝಾಕಿರ್ ಇಬ್ಬರೂ ತನಗಾಗಿ ಬಿಸಿಲಲ್ಲಿ ಓಡಾಡಿದ್ದಾರೆ ಎಂಬುದಕ್ಕೆ ಅರ್ಧ, ಇನ್ನು ಇದನ್ನು ನುಡಿಸುವುದು ಹೇಗೆ ಎಂಬುದಕ್ಕೆ ಅರ್ಧ.

ದೇವರ ಮೇಲೆ ಭಾರ ಹಾಕಿ ಬಿ-04 ಒತ್ತಿದ. ತೊಟ್ಟಿಲ ಹಾಡು ಶುರುವಾಯಿತು.

“ನನ್ನನ್ನು ಮಲಗಿಸುದಾ ಮಾಯಿಲಪ್ಪ?” ಎಂದರು ಪರಮೇಶ್ವರಿ ಟೀಚರು.

ಗಾಬರಿಯಲ್ಲಿ ಎ-01 ಒತ್ತಿದ. ಮದುಮಗಳನ್ನು ಮಂಟಪಕ್ಕೆ ಕರೆಯುವ ಹಾಡು ಬಂತು. ಸಭೆ ಬಿದ್ದು ಬಿದ್ದು ನಕ್ಕಿತು. ಟೀಚರು ಎದ್ದು ಬಂದು ಅವನ ಪಕ್ಕದಲ್ಲೇ ನಿಂತರು.

“ಅದನ್ನೆಲ್ಲ ಬಿಡು. ಹಾರ್ಮೋನಿಯಂ ನುಡಿಸಿದ ಹಾಗೆ ಬರೀ ಕೈಯಲ್ಲಿ ನುಡಿಸು, ನೋಡುವ.”

ಮಾಯಿಲಪ್ಪ ಕಣ್ಣು ಮುಚ್ಚಿದ. ತಾಳವಿಲ್ಲ, ಮೇಳವಿಲ್ಲ, ಎರಡು ತಿಂಗಳು ಮನಸ್ಸಿನಲ್ಲಿ ತಿರುಗಿದ ಹಾಡು ಬೆರಳಿಗೆ ತಾನಾಗಿ ಬಂತು. ಮುಗಿದಾಗ ಟೀಚರ ಕಣ್ಣು ಒದ್ದೆಯಾಗಿತ್ತು. ಅವನ ತಲೆಯ ಮೇಲೆ ಕೈಯಿಟ್ಟರು. ಅವನಿಗೆ ಅಷ್ಟೇ ಬೇಕಾಗಿತ್ತು.

ಆದರೆ ಸಭೆಯಲ್ಲಿ ಚಪ್ಪಾಳೆ ಅಲ್ಲಲ್ಲಿ ಮಾತ್ರ ಬಿತ್ತು.

“ನಂದು ಒಮ್ಮೆಯೂ ಒತ್ಲಿಲ್ಲ ಮಾಯಿಲ!” ತಿಮ್ಮಕ್ಕ ಎದುರಿನ ಸಾಲಿನಿಂದ ಎದ್ದರು. ಇಡೀ ಹಾಡಿಗೆ ಬೇಕಾದದ್ದು ಇಪ್ಪತ್ತೆರಡು ಕೀ. ಮಿಕ್ಕವರೆಲ್ಲ ಗೊಣಗುತ್ತಿದ್ದರು. ತ್ಯಾಂಪಣ್ಣ ಬಲತುದಿಯ ತಮ್ಮ ಕೀಯನ್ನೇ ನೋಡುತ್ತಿದ್ದರು.

“ಸದ್ದು ಮಾಡ್ಬೇಡಿ!” ಎಂದರು ಟೀಚರು. ನಲುವತ್ತು ವರ್ಷದ ಅಭ್ಯಾಸದ ದನಿಗೆ ಸಭೆ ಬಾಯಿ ಮುಚ್ಚಿತು. “ನಾನು ಹಾಜರಿ ಕರೀತೇನೆ. ಮಾಯಿಲಪ್ಪ, ನೀನು ಒತ್ತು. ತಿಮ್ಮಕ್ಕ!”

“ಹಾಜರ್ ಟೀಚರ್!”

ಡೊಂಯ್ಯ್.

ಹಾಗೆ ಒಬ್ಬೊಬ್ಬರಾಗಿ, ಟೀಚರೂ ಸೇರಿ, ಅರುವತ್ತೊಂದು ಜನ. ಕೊನೆಗೆ ತ್ಯಾಂಪಣ್ಣ ಕೈ ಕಟ್ಟಿ ನಿಂತು ಹಾಜರಿ ಹೇಳಿದರು. ಟಿಂಗ್. ಈಗ ಬಿತ್ತು ನೋಡಿ ಚಪ್ಪಾಳೆ. ಮಾಯಿಲಪ್ಪ ಎಲ್ಲರಿಗೂ ಕೈ ಮುಗಿದು, ಗಂಡಾಂತರ ಕಳೆಯಿತೆಂದು ಕುರ್ಚಿಗೆ ಒರಗಿದ.

ಐದಕ್ಕೆ ಮೊಬೈಲ್ ಗುಂಯ್‌ಗುಟ್ಟಿತು. ಅಪೇಕ್ಷಾಳ ಸಂದೇಶ.

‘ಸಾರಿ ಮಾಯಿಲಣ್ಣ. ಹಳೆ ಹೆಸರೆಲ್ಲ ನನ್ನ ಲ್ಯಾಪ್‌ಟಾಪಲ್ಲಿ ಉಂಟು, ರಾತ್ರಿ ವಾಪಸ್ ಹಾಕಿ ಕೊಡ್ತೇನೆ. ಗುಂಪಲ್ಲಿ ಕೀಗಳ ಫೋಟೋ ನೋಡಿದೆ, ಭಾರೀ ಚಂದ. ನನ್ನ ಹೆಸರು ಯಾವ ಕೀಯಲ್ಲಿ ಉಂಟು? ಕಾಣ್ತಾ ಇಲ್ಲ.’

ಮಾಯಿಲಪ್ಪ ಕೀಬೋರ್ಡನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ. ಒಂದು ಕೀಯೂ ಖಾಲಿ ಇರಲಿಲ್ಲ. ಕೊನೆಗೆ ಅವನ ಕಣ್ಣು ಮೂಲೆಯ ಆನ್-ಆಫ್ ಬಟನಿನ ಮೇಲೆ ಬಿತ್ತು.

“ಝಾಕಿರ್,” ಎಂದು ಮೆಲ್ಲಗೆ ಕರೆದ, “ಸಣ್ಣದು ಇನ್ನೊಂದು ಸ್ಟಿಕ್ಕರ್ ಉಂಟಾ ಮಾರಾಯ?”