ಸೂಡಿ ರಸ್ತೆಯ ಐದು ಕಿಲೋಮೀಟರು

ನಿವೃತ್ತಿಯಾದ ಮನುಷ್ಯನಿಗೆ ಒಂದಾದರೂ ಹೆಮ್ಮೆ ಉಳಿದಿರಬೇಕು. ಕೆಲವರಿಗೆ ಮಕ್ಕಳ ಹುದ್ದೆ, ಕೆಲವರಿಗೆ ಸ್ವಂತ ಹಲ್ಲು. ನನಗೆ ಉಳಿದದ್ದು ಅಳತೆ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲೆಲ್ಲ ಮೂವತ್ತೆರಡು ವರ್ಷ ಸರಪಳಿ ಎಳೆದ ಸರ್ವೆಯವನು ನಾನು. ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಾನು ಕಲ್ಲು ನೆಡಿಸಿದ ಕಡೆ ಮನಸ್ಸಿಲ್ಲದಿದ್ದರೂ ತಲೆಯಾಡಿಸಿದ್ದಾರೆ. ಆದ್ದರಿಂದ ಹೋದ ಚಳಿಗಾಲದ ಪ್ರಕರಣವನ್ನು ನಾನೇ ಬರೆದಿಡುವುದು ಕ್ಷೇಮ. ನನ್ನ ಹೆಂಡತಿ ಬರೆದರೆ ಇದಕ್ಕಿಂತ ಚಿಕ್ಕದಾಗಿಯೂ ಕಟುವಾಗಿಯೂ ಬರೆದಾಳು.

ನನ್ನ ತಂಗಿಯ ಮಗಳು ಭೀಮವ್ವ ಇಟಗಿಯವಳು, ಕ್ರೀಡಾ ಹಾಸ್ಟೆಲಿನಲ್ಲಿದ್ದಾಳೆ. ಅವಳ ಆಟದ ಹೆಸರು ಟ್ರಯಥ್ಲಾನ್. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಅದನ್ನು ಇಳಿದವಳೇ ಓಡಬೇಕು. ಯಾರಾದರೂ ಬೆನ್ನಟ್ಟಿ ಬಂದರೆ ಮಾತ್ರ ಮನುಷ್ಯ ಇಷ್ಟನ್ನು ಮಾಡಿಯಾನು ಎಂದು ನನ್ನ ತಿಳಿವಳಿಕೆ. ಚಳಿಗಾಲದಲ್ಲಿ ಅವರಿಗೆ ಸ್ಪರ್ಧೆಗಳಿಲ್ಲವಂತೆ. ಸ್ಪರ್ಧೆಯಿಲ್ಲವೆಂದರೆ ವಿಶ್ರಾಂತಿ ಎಂದು ತಿಳಿದಿದ್ದೆ. ಹಾಗಲ್ಲ, ಅದು ಇನ್ನೊಂದು ಬಗೆಯ ದುಡಿಮೆ. ಹಾಸ್ಟೆಲಿನ ರಿಪೇರಿ ನಡೆದದ್ದರಿಂದ ಆ ಎರಡು ತಿಂಗಳ ದುಡಿಮೆಗೆ ಅವಳು ರೋಣದ ನಮ್ಮ ಮನೆಗೆ ಬಂದಳು. ಈಜಿಗೆ ಹೊಳೆಆಲೂರಿನಲ್ಲಿ ನನ್ನ ಹೆಂಡತಿಯ ಅಣ್ಣನ ಹೊಲದ ಬಾವಿ, ಸೈಕಲ್ಲಿಗೆ ಗಜೇಂದ್ರಗಡದ ಗಾಳಿಯಂತ್ರಗಳ ಗುಡ್ಡ. ಓಟಕ್ಕೆ ಮಾತ್ರ ಅವಳ ತರಬೇತುದಾರರು ಫೋನಿನಲ್ಲಿ ಒಂದು ಶರತ್ತು ಹಾಕಿದರು. ಅಳೆದಿಟ್ಟ ಐದು ಕಿಲೋಮೀಟರು ಬೇಕು, ಪ್ರತಿ ರವಿವಾರ ಅದನ್ನು ಓಡಿ ಸಮಯ ಕಳಿಸಬೇಕು. ಇಪ್ಪತ್ಮೂರು ನಿಮಿಷ ದಾಟುತ್ತಿದ್ದರೆ ಹಾಸ್ಟೆಲಿನ ಜಾಗ ಬೇರೆ ಹುಡುಗಿಗೆ.

‘ಅಳೆದಿಟ್ಟ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಅಟ್ಟದಿಂದ ಸರಪಳಿ ಇಳಿಸಿದೆ.

“ಫೋನಿನಾಗ ತೋರಸ್ತದ ಮಾಮಾ,” ಎಂದಳು ಭೀಮವ್ವ.

“ಫೋನಿಗೆ ಕಾಲಿಲ್ಲ,” ಎಂದೆ. “ಅದು ಈ ದಾರಿ ನಡದೇ ಇಲ್ಲ.”

ಊರ ಹೊರಗಿನ ಸೂಡಿ ರಸ್ತೆಯಲ್ಲಿ ಮೂವತ್ತು ಮೀಟರಿನ ಸರಪಳಿಯ ಇನ್ನೊಂದು ತುದಿಗೆ ನನ್ನ ಹಳೆಯ ಜವಾನ ಹನಮಪ್ಪ ನಿಂತ. ನಮ್ಮ ಪದ್ಧತಿ ಸರಳ. ಒಂದೊಂದು ಸರಪಳಿಗೆ ಒಂದು ಕಬ್ಬಿಣದ ಕಡ್ಡಿ ನೆಡುವುದು, ಹತ್ತು ಕಡ್ಡಿ ಮುಗಿದರೆ ಪುಸ್ತಕದಲ್ಲಿ ಒಂದು ಗೆರೆ. ಆದರೆ ನಮ್ಮ ಕಡೆ ರಸ್ತೆಯ ಮಗ್ಗುಲಲ್ಲಿ ಸರಪಳಿ ಹಾಸಿದರೆ ಅದನ್ನು ಓಟದ ತಯಾರಿ ಎಂದು ಯಾರೂ ಭಾವಿಸುವುದಿಲ್ಲ. ಜೋಳದ ಹೊಲಗಳಿಂದ ಒಬ್ಬೊಬ್ಬರೇ ಎದ್ದು ಬಂದರು.

“ರಸ್ತಾ ಅಗಲ ಮಾಡ್ತಾರೇನ್ರಿ, ಸಾಹೇಬ್ರ?”

“ಇಲ್ಲಪ್ಪ. ನಮ್ಮ ಹುಡುಗಿ ಓಡಲಿಕ್ಕೆ.”

“ಖರೇ ಹೇಳ್ರಿ. ಹುಡುಗಿ ಓಡಾಕ ಸರಕಾರಿ ಸರಪಳಿ ಯಾಕ ಬೇಕು? ನಮ್ಮ ಬಾವಿ ಹೋಗ್ತದೇನು?”

ಒಬ್ಬ ಚಹಾ ತಂದ. ಇನ್ನೊಬ್ಬ ತನ್ನ ಸರ್ವೆ ನಂಬರನ್ನು ನನ್ನ ಪುಸ್ತಕದಲ್ಲಿ ಬರೆಸಿ, ಅದರ ಮುಂದೆ ‘ಬಾಧೆ ಇಲ್ಲ’ ಎಂದು ನಾನು ಬರೆಯುವವರೆಗೆ ಸರಪಳಿಯ ಮೇಲಿಂದ ಕಾಲು ತೆಗೆಯಲಿಲ್ಲ. ಎಲ್ಲರನ್ನೂ ಸಮಾಧಾನಪಡಿಸಿ, ಅಳತೆ ಮುಗಿದಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದು ಬಂದೆ.

ಮೊದಲ ರವಿವಾರ ಅವಳು ಓಡಿದಳು, ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ಕೊರಳಲ್ಲಿ ಸ್ಟಾಪ್ ವಾಚು. ಅರ್ಧ ದಾರಿಯಲ್ಲಿ ಎದುರಿಗೆ ಬಂದ ಗಾಡಿಯ ಮುದುಕಿ ನನ್ನನ್ನು ಆಪಾದಮಸ್ತಕ ನೋಡಿ, “ಹೆಣ್ಣ ಹುಡುಗಿನ್ನ ಓಡಿಸಿ ತಾ ಮ್ಯಾಲ ಕುಂತಾನ ನೋಡ, ದೊಡ್ಡ ಮನಷ್ಯಾ,” ಎಂದಳು. ಮುಂದೆ ಸೂಡಿಯ ಬಸ್ಸು ಭೀಮವ್ವನ ಪಕ್ಕದಲ್ಲೇ ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಾಗಿ, “ಓಡಬ್ಯಾಡವಾ, ನಿಂದ್ರಿಸೀನಿ, ಹತ್ತು ಲಗೂನ,” ಎಂದ. ಓಡುವವರೆಲ್ಲ ಬಸ್ಸು ತಪ್ಪಿದವರು ಎಂಬುದು ನಮ್ಮ ಕಡೆಯ ದೃಢವಾದ ನಂಬಿಕೆ. ಅವಳು ಕೈಮುಗಿದು ಪಕ್ಕದಿಂದ ದಾಟಿದಳು.

ಸಮಯ ಇಪ್ಪತ್ತೈದು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

“ಬಸ್ಸಿನ ದೆಸಿಂದ,” ಎಂದೆ. ಮುಂದಿನ ರವಿವಾರ ಬಸ್ಸಿರಲಿಲ್ಲ, ಸಮಯ ಅಷ್ಟೇ. ಮೂರನೆಯ ರವಿವಾರವೂ ಅಷ್ಟೇ. ಅಂದು ಅವಳು ಉಸಿರು ತಹಬಂದಿಗೆ ತಂದುಕೊಂಡು ಮೆಲ್ಲಗೆ ಹೇಳಿದಳು: “ಮಾಮಾ, ಫೋನಿನಾಗ ಐದು ಪಾಯಿಂಟ್ ಆರು ಬರ್ತದ.”

ಮೂವತ್ತೆರಡು ವರ್ಷದ ಸೇವೆಯ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ ನಾನು ಅವಳಿಗೆ ಶಿಸ್ತಿನ ಬಗ್ಗೆ, ಆಹಾರದ ಬಗ್ಗೆ, ತಪ್ಪನ್ನು ಯಂತ್ರದ ಮೇಲೆ ಹೊರಿಸುವ ಈ ಕಾಲದ ಚಾಳಿಯ ಬಗ್ಗೆ ಮಾತಾಡಿದೆ. ರಾತ್ರಿಯ ಎರಡನೆಯ ರೊಟ್ಟಿಯನ್ನು ನಿಲ್ಲಿಸಿದೆ. ಅಂದಿನಿಂದ ಅವಳು ಫೋನನ್ನು ಮನೆಯಲ್ಲಿಟ್ಟು ಓಡತೊಡಗಿದಳು. ತರಬೇತುದಾರರಿಗೆ ‘ದೂರ ಐದು ಕಿ.ಮೀ., ಅಳೆದವರು ಮಾಮಾ’ ಎಂದೇ ಬರೆದು ಕಳಿಸುತ್ತಿದ್ದಳು.

ಆರನೆಯ ವಾರ ಅವರಿಂದ ಉತ್ತರ ಬಂತು. ಇನ್ನೊಂದು ರವಿವಾರ ನೋಡುತ್ತೇವೆ, ಸುಧಾರಿಸದಿದ್ದರೆ ಹಾಸ್ಟೆಲಿಗೆ ಮರಳುವುದು ಬೇಡ. ಭೀಮವ್ವ ಅದನ್ನು ಓದಿ, ಓಟದ ಬೂಟುಗಳನ್ನು ತೊಳೆದು, ಬಿಸಿಲಿಗಿಡದೆ ಚೀಲದೊಳಗೇ ಹಾಕಿದಳು. ಒದ್ದೆ ಬೂಟನ್ನು ಚೀಲಕ್ಕೆ ಹಾಕುವ ಹುಡುಗಿಯಲ್ಲ ಅವಳು.

ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದಳು. “ಓಡಾಕಿ ಆಕಿ, ಅಳದವ್ರು ನೀವು. ಆಕೀದು ಆರು ಸಲ ನೋಡೀರಿ. ನಿಮ್ಮದು ಒಮ್ಮೆರ ನೋಡ್ರಿ.”

ಇದು ಸೇವಾ ನಿಯಮಗಳಿಗೆ ವಿರುದ್ಧವಾದ ಸೂಚನೆ. ಆದರೂ ಪುಸ್ತಕ ತೆಗೆದೆ. ಗೆರೆಗಳು ಸಾಲಾಗಿದ್ದವು. ನಡುವೆ ಆ ರೈತನ ಸರ್ವೆ ನಂಬರು, ‘ಬಾಧೆ ಇಲ್ಲ’ ಎಂಬ ನನ್ನ ದುಂಡಗಿನ ಅಕ್ಷರ. ಅದಕ್ಕೂ ಮೊದಲು ಚಹಾದ ಲೋಟದ ಕಲೆ. ಆ ಕಲೆಯಿಂದ ನಂಬರಿನವರೆಗೆ ನಾವು ಬಾವಿ, ಬದು, ಸರಕಾರ ಎಲ್ಲವನ್ನೂ ಚರ್ಚಿಸುತ್ತ ಸರಪಳಿ ಹಾಸಿಕೊಂಡೇ ಸುಮಾರು ದೂರ ನಡೆದಿದ್ದೆವು. ಗೆರೆ ಮಾತ್ರ ಒಂದೂ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಸರಪಳಿಯ ಇನ್ನೊಂದು ತುದಿಯನ್ನು ಹೆಂಡತಿಯೇ ಹಿಡಿದಳು. ಅವಳು ಯಾರೊಂದಿಗೂ ಮಾತಾಡಲಿಲ್ಲ, ನನಗೂ ಆಡಗೊಡಲಿಲ್ಲ. ಸುಣ್ಣದ ಕಲ್ಲು ಮುಟ್ಟುವಷ್ಟರಲ್ಲಿ ಎರಡು ಗೆರೆ ಹೆಚ್ಚು ಬಂತು. ಆರುನೂರು ಮೀಟರು. ಫೋನು ಹೇಳಿದ್ದೂ ಅಷ್ಟೇ.

ತಿದ್ದುಪಡಿಯನ್ನು ಲಿಖಿತವಾಗಿ ಕಳಿಸುವುದೆಂದು ತೀರ್ಮಾನಿಸಿ ಕುಳಿತೆ. ಮೊದಲ ಕರಡಿನಲ್ಲಿ ಚಳಿಗೆ ಕಬ್ಬಿಣ ಕುಗ್ಗುವ ಸಂಗತಿಯನ್ನು ವಿವರಿಸಿದ್ದೆ. ಭೀಮವ್ವ ಅದನ್ನೋದಿ, “ಸರಪಳಿ ಕುಗ್ಗಿದ್ರ ದಾರಿ ಕಡಿಮಿ ಆಗಬೇಕಲ್ಲ ಮಾಮಾ, ಹೆಚ್ಚು ಹ್ಯಾಂಗ ಆತು?” ಎಂದಳು. ಎರಡನೆಯದರಲ್ಲಿ ಸಾರ್ವಜನಿಕರ ಅಡಚಣೆ, ಮೂರನೆಯದರಲ್ಲಿ ಹನಮಪ್ಪನ ಕಣ್ಣು. ಅವಳು ಮೂರನ್ನೂ ಒಂದರ ಮೇಲೊಂದು ಜೋಡಿಸಿಟ್ಟು, “ತಪ್ಪಾತು ಅಂತ ಬರದ್ರ ಸಾಕು ಮಾಮಾ,” ಎಂದಳು.

ಬರೆದೆ. ಒಂದೇ ಸಾಲು, ಕೆಳಗೆ ಸಹಿ. ನನ್ನ ಸೇವೆಯಲ್ಲಿ ಇಷ್ಟು ಚಿಕ್ಕ ವರದಿಯನ್ನು ನಾನು ಯಾರಿಗೂ ಕೊಟ್ಟಿಲ್ಲ. ಅವಳು ಅದರ ಫೋಟೋ ಕಳಿಸಿದಳು. ರವಿವಾರ ಸರಿಯಾದ ಐದು ಕಿಲೋಮೀಟರನ್ನು ಇಪ್ಪತ್ತೆರಡು ನಿಮಿಷದೊಳಗೆ ಓಡಿ ಮುಗಿಸಿ, ಮನೆಗೆ ಬಂದು ನಾಲ್ಕು ರೊಟ್ಟಿ ತಿಂದಳು. ನಾನು ಎಣಿಸಬಾರದಿತ್ತು. ಹಳೆಯ ಚಟ.

ಹಾಸ್ಟೆಲಿನ ಜಾಗ ಉಳಿಯಿತು. ಇನ್ನು ಮುಂದೆ ಸಮಯವನ್ನೂ ದೂರವನ್ನೂ ಹುಡುಗಿಯೇ ನೋಡಿಕೊಳ್ಳಲಿ, ಹಿರಿಯರಿಗೆ ತೊಂದರೆ ಬೇಡ ಎಂದು ತರಬೇತುದಾರರು ಬಹಳ ಗೌರವದಿಂದ ಬರೆದಿದ್ದರು. ಉಳಿದ ವಾರಗಳಿಗೆ ನನ್ನನ್ನು ನೀರಿನ ಬಾಟಲಿ ಹಿಡಿಯುವ ಹುದ್ದೆಗೆ ನೇಮಿಸಲಾಯಿತು. ಬಾಟಲಿಯಲ್ಲಿ ಎಷ್ಟು ನೀರಿದೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಭೀಮವ್ವ ತಾನೇ ಎತ್ತಿ ನೋಡಿ ಕುಡಿಯುತ್ತಿದ್ದಳು.