ಮೆಸೇಜು ಕಳಿಸಿ ಫೋನೂ ಮಾಡುವ ಆಪಾ

ಕಡಿಮೆ ಮಾತಾಡುವವರ ಬಗ್ಗೆ ಜನರಿಗೆ ಸುಮ್ಮನೆ ಒಂದು ಗೌರವವಿದೆ. ಅವರೊಳಗೆ ಏನೋ ಆಳವಿರಬೇಕು ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಆಳಗೀಳ ಏನೂ ಇಲ್ಲ. ಮಾತು ಶುರುವಾದರೆ ಮುಗಿಸುವುದು ಹೇಗೆಂಬ ಹೆದರಿಕೆ, ಅಷ್ಟೆ. ಅದಕ್ಕೇ ಮೊಬೈಲಿನ ಮೆಸೇಜುಗಳಲ್ಲಿ ಬರುವ ಇಂಗ್ಲಿಷಿನ ತುಂಡಕ್ಷರಗಳು ನನಗೆ ಬಲು ಇಷ್ಟ. ಪ್ಲೀಸ್ ಎನ್ನಬೇಕಾದಲ್ಲಿ ಪಿಎಲ್‌ಎಸ್, ಆದಷ್ಟು ಬೇಗ ಎನ್ನಬೇಕಾದಲ್ಲಿ ಎಎಸ್‌ಎಪಿ. ನಾಲ್ಕಕ್ಷರ ಒತ್ತಿದರೆ ಸೌಜನ್ಯವೂ ಆಯಿತು, ಸಂಭಾಷಣೆಯೂ ಮುಗಿಯಿತು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಕೊನೆಗೆ ನಾನು ಮನಸಾರೆ ಮೆಚ್ಚಿದ್ದು ಆ ಭಾಷೆಯ ಈ ಚೂರುಗಳನ್ನು ಎಂದು ಗೊತ್ತಾದರೆ ನನಗೆ ಕಲಿಸಿದವರು ನೊಂದುಕೊಂಡಾರು.

ನನ್ನೂರು ವಾಡಿಯಿಂದ ವಾರಕ್ಕೆ ಮೂರು ಸಂಜೆ ಶಹಾಬಾದಕ್ಕೆ ಹೋಗಿ, ಒಂದು ಹೊಲಿಗೆ ಅಂಗಡಿಯ ಮಾಳಿಗೆಯ ಮೇಲೆ ಆರು ಜನ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲಿ ಎಲ್ಲರಿಗಿಂತ ಹಿರಿಯರು ರೆಹಾನಾ ಆಪಾ. ಗಂಡನಿಗೆ ಬೆನ್ನುನೋವು ಬಂದು ಮನೆ ಹಿಡಿದ ಮೇಲೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅವರ ಪಾಲಿಶ್ ಯಾರ್ಡನ್ನು ನಡೆಸುತ್ತಿರುವವರು ಆಕೆಯೇ. ಕಲ್ಲಿನ ಮೇಲೆ ಬೆರಳಾಡಿಸಿ ಅದರ ದಪ್ಪ ಹೇಳಬಲ್ಲ ಆಪಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೀಗಾಗಿ ಯಾರ್ಡಿನ ಫೋನು ಅವರ ಮೈದುನ ಸಲೀಮನ ಕೈಯಲ್ಲಿರುತ್ತಿತ್ತು. ಸಲೀಮ ಪದವೀಧರ. ಸೊಲ್ಲಾಪುರದ ದೊಡ್ಡ ವ್ಯಾಪಾರಿ ಏನೇ ಬರೆದು ಕಳಿಸಲಿ, ಆತ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಫೋನು ಜೇಬಿಗಿಳಿಸುವವನು. ಮೂರು ದಿನದ ಕೆಲಸಕ್ಕೆ ಒಂದು ದಿನದ ಒಪ್ಪಿಗೆ ಹೋಗಿರುತ್ತಿತ್ತು. ಮಾಲು ಎರಡು ಸಲ ತಡವಾಗಿತ್ತು. ಇನ್ನೊಂದು ಸಲ ತಪ್ಪಿದರೆ ಬೇರೆ ಯಾರ್ಡು ನೋಡಿಕೊಳ್ಳುವುದಾಗಿ ವ್ಯಾಪಾರಿ ಹೇಳಿಯೂ ಆಗಿತ್ತು.

"ಓದಿದಾವ ಹೆಬ್ಬೆಟ್ಟು ಒತ್ತಾಕತ್ತಾನ. ಹೆಬ್ಬೆಟ್ಟಿನಾಕಿ ನಾ ಓದಾಕತ್ತೀನಿ. ಏನ್ ಕಾಲ ಬಂತ್ ನೋಡ್ರಿ ಟೀಚರ್," ಎಂದಿದ್ದರು ಆಪಾ, ಮೊದಲ ದಿನವೇ.

ನಾನು ಇಪ್ಪತ್ನಾಲ್ಕು ತುಂಡಕ್ಷರಗಳ ಪಟ್ಟಿಯನ್ನು ಗೆರೆ ಹಾಕಿ, ಅರ್ಥ ಬರೆದು, ಆರು ಪ್ರತಿ ಮಾಡಿಸಿ ಹಂಚಿದೆ. ಅಷ್ಟು ನೀಟಾದ ಪಟ್ಟಿಯನ್ನು ನೋಡಿ ನನಗೇ ನನ್ನ ಮೇಲೆ ಪ್ರೀತಿ ಉಕ್ಕಿತು. ಆಪಾಗೆ ಮಾತ್ರ ಅದೇನೂ ಹೊಸದೆನಿಸಲಿಲ್ಲ. ಅವರ ಯಾರ್ಡಿನಲ್ಲೂ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು, ಒಂದು ಸುತ್ತು ಹಾಕಿರುತ್ತಾರಂತೆ. ಯಾರ ಮಾಲು, ಯಾವ ಗಾಡಿ ಎಲ್ಲ ಅದರಲ್ಲೇ ತಿಳಿಯುತ್ತದಂತೆ.

"ಆದ್ರ ನಮ್ಮಲ್ಲಿ ಒಂದ್ ಕಾಯ್ದೆ ಅದರಿ," ಎಂದರು. "ಗುರ್ತು ಹಾಕಿದವ್ರು ಹಮಾಲಗ ಬಾಯಿಲೆ ಹೇಳಿನೇ ಹೋಗಬೇಕು. ಸುಮ್ನ ಗೀಟು ಹೊಡ್ದು ಹೋದ್ರ ಆ ಕಲ್ಲು ಯಾರೂ ಎತ್ತಂಗಿಲ್ಲ."

ಇದು ಅನಕ್ಷರಸ್ಥರ ಕಾಲದ ಪದ್ಧತಿ ಎಂದು ನಾನು ಮನಸ್ಸಿನಲ್ಲೇ ಷರಾ ಬರೆದು ಮುಂದಿನ ಸಾಲಿಗೆ ಹೋದೆ. ಎಎಸ್‌ಎಪಿ ಬಂದಾಗ ಆಪಾ ಮತ್ತೆ ತಡೆದರು. "ಆದಷ್ಟು ಲಗೂನ ಅಂದ್ರ ಯಾರಿಗಿ ಆದಷ್ಟುರಿ? ಅವರಿಗೋ, ನಮಗೋ?" ಎಂ.ಎ. ತರಗತಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕೆಮ್ಮು ಬಂದವಳಂತೆ ನೀರು ಕುಡಿದೆ.

ಹೀಗೆ ಕೆಲವು ತಿಂಗಳು ಕಲಿತ ಮೇಲೆ ಒಂದು ಗುರುವಾರ, ಪಾಠಕ್ಕೆ ಬೇಕೆಂದು ಹೇಳಿ ಆಪಾ ಫೋನನ್ನು ಸಲೀಮನಿಂದ ಇಸಿದುಕೊಂಡು ಬಂದಿದ್ದರು. ತರಗತಿಯ ನಡುವೆಯೇ ಸೊಲ್ಲಾಪುರದ ಮೆಸೇಜು ಬಂತು. ಉಳಿದ ಐದು ಜನ ಎದ್ದು ಅವರ ಸುತ್ತ ನಿಂತರು. ಆಪಾ ಪಟ್ಟಿಯ ಮೇಲೆ ಒಂದು ಬೆರಳು, ಫೋನಿನ ಮೇಲೆ ಒಂದು ಬೆರಳು ಇಟ್ಟು ಓದಿದರು: ಎರಡು ಟ್ರಕ್ ಮಾಲು, ಶನಿವಾರದೊಳಗೆ, ಎಎಸ್‌ಎಪಿ. ಯಾರ್ಡಿನ ಪಾಲಿಶ್ ಮಷೀನಿಗೆ ಶನಿವಾರದೊಳಗೆ ಸಾಧ್ಯವಿದ್ದದ್ದು ಒಂದೇ ಟ್ರಕ್. ಆಮೇಲೆ ಆಪಾ ಬೆರಳು ಊರಿ ಊರಿ ಬರೆದರು: ಒಂದು ಶನಿವಾರ, ಇನ್ನೊಂದು ಬುಧವಾರ, ಪಿಎಲ್‌ಎಸ್. ಒಂದು ತಪ್ಪಿಲ್ಲ. ಕಳಿಸಿಯೂ ಬಿಟ್ಟರು.

ಅಷ್ಟರಲ್ಲಿ ಆಪಾ ಅದೇ ವ್ಯಾಪಾರಿಗೆ ಫೋನು ಹಚ್ಚಿದರು.

"ಮೆಸೇಜ್ ಹೋಗಿದೆಯಲ್ಲ ಆಪಾ, ಮತ್ತೆ ಫೋನ್ ಯಾಕೆ?" ಎಂದು ಪಿಸುಗುಟ್ಟಿದೆ.

"ಬಾಯಿಲೆ ಹೇಳಬ್ಯಾಡೇನ್ರಿ?" ಎಂದು ಕೈಯಾಡಿಸಿ ನನ್ನನ್ನು ಸುಮ್ಮನಾಗಿಸಿ, ತಾವು ಬರೆದದ್ದನ್ನೇ ಹಿಂದಿಯಲ್ಲಿ ಆತನಿಗೆ ಓದಿ ಹೇಳಿದರು. ಮಷೀನಿನ ವಿಷಯ ಹೇಳಿದರು. ಮಾತಿನ ನಡುವೆ ಆತ ತನ್ನ ತಾಯಿಗೆ ಮೊಣಕಾಲು ನೋವೆಂದಾಗ ಅದನ್ನೂ ವಿಚಾರಿಸಿದರು. ಎರಡು ವರ್ಷದ ವ್ಯವಹಾರದಲ್ಲಿ ಆ ಕಡೆಯ ದನಿ ಮೊದಲ ಸಲ ನಕ್ಕಿತು. ಎರಡನೆಯ ಟ್ರಕ್ ಬುಧವಾರ ಬಂದರೆ ಸಾಕಂತೆ. ಎಎಸ್‌ಎಪಿ ಎಂಬುದನ್ನು ಆತ ಎಲ್ಲ ಮೆಸೇಜಿಗೂ ರೂಢಿಗೆ ಬರೆಯುತ್ತಾನಂತೆ. ಇಷ್ಟು ದಿನ ಹೆಬ್ಬೆಟ್ಟು ನೋಡಿ ನೋಡಿ, ಯಾರ್ಡಿನ ಫೋನು ಯಾವುದೋ ಚಿಕ್ಕ ಮಗುವಿನ ಕೈಯಲ್ಲಿದೆ ಎಂದುಕೊಂಡಿದ್ದನಂತೆ.

ಪಾಠ ಮುಗಿಯುವ ಹೊತ್ತಿಗೆ ಸಲೀಮ ಮೆಟ್ಟಿಲ ಬಳಿ ಬಂದು ನಿಂತ. "ಭಾಭಿ, ಫೋನ್ ಕೊಡ್ರಿ. ಪಾರ್ಟಿ ಮೆಸೇಜ್ ಬಂದಿರಬೇಕು."

"ಬಂದಿತ್ತಪ್ಪ. ಜವಾಬ್ ಹೋಗ್ಯಾದ," ಎಂದು ಆಪಾ ಫೋನನ್ನು ಚೀಲದಲ್ಲಿಟ್ಟು ಜಿಪ್ ಎಳೆದರು. "ನೀ ಹೋಗಿ ಮಷೀನಿನ ನೀರು ನೋಡು."

ಫೋನು ಅಂದಿನಿಂದ ಆ ಚೀಲದಲ್ಲೇ ಇದೆ. ನನ್ನ ಪಟ್ಟಿಯೇ ಇದನ್ನು ಸಾಧಿಸಿತೆಂದು ಊರಿಗೆಲ್ಲ ಹೇಳಿಕೊಳ್ಳಬಹುದಿತ್ತು, ನಾನು ಹೇಳಿಕೊಳ್ಳುವ ಜಾತಿಯವಳಾಗಿದ್ದರೆ. ಆದರೆ ಬರೆದದ್ದಕ್ಕೆ ಬಾಯಿಂದ ಹೊಣೆ ಹೊರುವುದು ನನ್ನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ ಎಂಬುದು ನನಗೆ ಗೊತ್ತಿದೆ.

ಮುಂದಿನ ವಾರ ಒಂದು ಬೆಳಿಗ್ಗೆ, ಇವತ್ತು ತರಗತಿ ಇಲ್ಲ, ಸ್ವಂತ ಕಾರಣ ಎಂದು ತುಂಡಕ್ಷರಗಳಲ್ಲೇ ಆರು ಜನಕ್ಕೂ ಕಳಿಸಿ, ಹಾಲು ಕಾಯಲಿಟ್ಟೆ. ಕೂಡಲೇ ಫೋನು ಬಂತು.

"ಟೀಚರ್, ಮೆಸೇಜ್ ಹಾಕೀರಿ, ಬಾಯಿಲೆ ಹೇಳೇ ಇಲ್ಲ. ಖರೇನೋ ಸುಳ್ಳೋ ಹ್ಯಾಂಗ ತಿಳೀಬೇಕ್ರಿ?" ನಿಜವೇ ಆಪಾ, ಇವತ್ತು ಬರಲಾಗುವುದಿಲ್ಲ ಎಂದೆ. "ದನಿ ಯಾಕ ಸಣ್ಣಾಗ್ಯಾದ? ಏನಾಗ್ಯಾದವ್ವ, ಹೇಳು."

ಏನಿಲ್ಲ ಎನ್ನಲೆಂದೇ ಬಾಯಿ ತೆರೆದೆ. ಆಮೇಲೆ ಏನೇನು ಹೇಳಿದೆ ಎಂಬುದು ನನ್ನ ಸ್ವಂತ ವಿಷಯ, ಇಲ್ಲಿ ಬರೆಯುವುದಿಲ್ಲ. ಫೋನು ಇಡುವಷ್ಟರಲ್ಲಿ ಹಾಲೆಲ್ಲ ಉಕ್ಕಿ ಚೆಲ್ಲಿ, ಒಲೆ ತಾನಾಗಿ ಆರಿತ್ತು ಎಂದಷ್ಟೇ ಹೇಳಬಲ್ಲೆ.