ಸದ್ದಿಲ್ಲದ್ದಕ್ಕೆ ಹೆಚ್ಚು ರೊಕ್ಕ

ಮಾರುತಿರಾವ್: ಫ್ಯಾನ್ ಇದ್ದ ಕಂಪ್ಯೂಟರ್ ಪೆಟ್ಟಿಗಿ ಏಳುನೂರು, ಫ್ಯಾನ್ ಇಲ್ಲದ್ದು ಮೂರೂವರೆ ಸಾವಿರ! ಎತ್ತು ಹೂಡಿದ ಗಾಡಿಗಿಂತ ಎತ್ತಿಲ್ಲದ ಗಾಡಿಗೆ ಹೆಚ್ಚು ರೊಕ್ಕ ಕೇಳಾಂವನ್ನ ಇವತ್ತ ನೋಡಿದೆ.

ಅಭಿನಂದನ: ಫ್ಯಾನ್ ಇಲ್ಲ ಅಂತ ರೊಕ್ಕ ಅಲ್ರಿ, ಮಾರುತಿರಾವ್. ಈ ಅಲ್ಯೂಮಿನಿಯಂ ಗಡ್ಡಿ ನೋಡ್ರಿ. ಪ್ರೊಸೆಸರಿನ ಬಿಸಿ ಎಲ್ಲಾ ಇದ ಹೀರ್ಕೋತೈತಿ. ಒಂಚೂರೂ ಸದ್ದಿಲ್ಲ.

ಮಾರುತಿರಾವ್: ಅಂದ್ರ ಸದ್ದಿಲ್ಲದ್ದಕ್ಕ ರೊಕ್ಕ!

ಶಾಲನ್: ಅದಕ್ಕ ಎಷ್ಟ ಕೊಟ್ಟರೂ ಕಮ್ಮೀನ. ಮನ್ಯಾಗ ಬಾಯಿ ಮುಚ್ಕೊಂಡಿರೋದು ಒಂದಾದ್ರೂ ಇರ್ಲಿ.

ಇಚಲಕರಂಜಿಯ ಆ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಇದ್ದವರು ಮೂವರೇ. ಆದರೂ ಎದುರಿನ ಚಹಾದಂಗಡಿಯವನು ಎರಡು ಸಲ ಬಂದು ಇಣುಕಿ ಹೋಗಿದ್ದ. ಮಾರುತಿರಾವ್, ಶಾಲನ್ ಗಂಡ ಹೆಂಡತಿ; ಅವರಿಗೆ ಇದು ಜಗಳವಲ್ಲ, ಮಾತುಕತೆ. ಅವರದು ಕೆಳಗೆ ವಿದ್ಯುತ್ ಮಗ್ಗದ ಕಾರಖಾನೆ, ಮೇಲೆ ಮನೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಬ್ಬರ ಗಂಟಲೂ ಮಗ್ಗವನ್ನು ಮೀರಿಸುವಷ್ಟು ಹಿಗ್ಗಿತ್ತು. ಅಂಗಡಿಯ ಒಡೆಯ ಅಭಿನಂದನ ಮಗದುಮ್ ಮೆಲುದನಿಯ ಮನುಷ್ಯ. ಬೆಲೆ ಹೇಳುವಾಗಲಂತೂ ಅವನ ದನಿ ಇನ್ನೂ ತಗ್ಗುತ್ತಿತ್ತು. ಇವತ್ತು ಪ್ರತಿಯೊಂದು ಬೆಲೆಯನ್ನೂ ಮೂರು ಮೂರು ಸಲ ಕೂಗಿ ಹೇಳಿ ಅವನಿಗೆ ತನ್ನ ಲಾಭದ ಬಗ್ಗೆಯೇ ನಾಚಿಕೆಯಾಗತೊಡಗಿತ್ತು.

ಟಿವಿಗೆ ಜೋಡಿಸಿ ಮನೆಯಲ್ಲೇ ಥಿಯೇಟರ್ ಮಾಡಿಕೊಳ್ಳುವಂಥ ಒಂದು ಕಂಪ್ಯೂಟರ್ ಬೇಕು, ಇಪ್ಪತ್ತೆಂಟು ಸಾವಿರ ದಾಟಬಾರದು. ಅವರು ಕೇಳಿಕೊಂಡು ಬಂದದ್ದು ಇಷ್ಟೇ.

ಮಾರುತಿರಾವ್: (ಕಪಾಟಿನಿಂದ ಒಂದು ಡಬ್ಬಿ ಎಳೆದು) ಇದನ್ನ ನೋಡು. ಮೂರು ಫ್ಯಾನ್ ಅದಾವ. ಮೂರು ಆಳಿನ ಕೆಲಸ ಮಾಡ್ತೈತಿ. ಇದನ್ನ ಹಾಕು.

ಅಭಿನಂದನ: ಅದು ಗ್ರಾಫಿಕ್ಸ್ ಕಾರ್ಡ್ ರಿ. ಗೇಮ್ ಆಡೋ ಹುಡುಗರಿಗೆ. ಅದೊಂದಕ್ಕ ನಿಮ್ಮ ರೊಕ್ಕ ಎಲ್ಲಾ ಮುಗದು, ಮ್ಯಾಲೆ ಸಾಲ ಆಗ್ತೈತಿ. ಪಿಕ್ಚರ್ ನೋಡಾಕ ಪ್ರೊಸೆಸರಿನ ಒಳಗ ಇದ್ದದ್ದ ಸಾಕು.

ಮಾರುತಿರಾವ್: ಒಳಗ ಐತಿ, ಕಾಣೂದಿಲ್ಲ. ನಡೀತೈತಿ, ಕೇಳ್ಸೂದಿಲ್ಲ. ಇದು ಅಂಗಡಿನೋ, ದೇವರ ಗುಡಿನೋ?

ಶಾಲನ್: ಗುಡಿ ಆಗಿದ್ರ ನೀವು ಇಷ್ಟೊತ್ತು ನಿಂದರ್ತಿದ್ರೇನು?

ಅಭಿನಂದನ: ಡಿಸ್ಕ್ ಸೈತ ತಿರಗಲಾರದ್ದ ಹಾಕೀನಿ, ಶಾಲನ್ ವಹಿನಿ. ಹಳೇ ಡಿಸ್ಕ್ ಗರಗರ ತಿರಗ್ತಿದ್ವು. ಇದು ಒಂದ ಚಿಪ್, ಸುಮ್ನ ಕುಂತಿರ್ತೈತಿ.

ಮಾರುತಿರಾವ್: ತಿರಗೂದೂ ಇಲ್ಲ? ಮತ್ತ ಈ ಪೆಟ್ಟಿಗ್ಯಾಗ ಅಲುಗಾಡೂದರ ಏನೈತಿ?

ಅಭಿನಂದನ: ಏನೂ ಇಲ್ರಿ.

ಮಾರುತಿರಾವ್: ಅಲುಗಾಡೂದಿಲ್ಲ, ಬೆವರೂದಿಲ್ಲ, ರೊಕ್ಕ ಮಾತ್ರ ತಿಂತೈತಿ. ಶಾಲನ್, ಥೇಟ್ ನಿನ್ನ ತಮ್ಮ!

ಶಾಲನ್: ನನ್ನ ತಮ್ಮನ ಸುದ್ದಿ ಬ್ಯಾಡ. ಅಂವ ಸುಮ್ನ ಕುಂತರೂ ನಿಮ್ಮಂಗ ಬಡಬಡ ಅನ್ನೂದಿಲ್ಲ.

ಅಭಿನಂದನ ಇಬ್ಬರನ್ನೂ ಒಂದು ಸಲ ನೋಡಿದ. ಬಟ್ಟೆ ನೇಯುವವರಿಗೆ ಕಂಪ್ಯೂಟರ್ ಮಾರುವುದಕ್ಕಿಂತ ಎಮ್ಮೆಗೆ ಕನ್ನಡಿ ಮಾರುವುದು ಸುಲಭ ಎಂದು ಅವನಿಗೆ ಅನ್ನಿಸಿತು. ಎಮ್ಮೆಯಾದರೂ ಚೌಕಾಸಿ ಮಾಡುವುದಿಲ್ಲ.

ಅಭಿನಂದನ: ಇಬ್ಬರೂ ಒಂದು ಮಾತು ಹೇಳ್ರಿ. ಫ್ಯಾನ್ ಇದ್ದ ಸಾದಾ ಕ್ಯಾಬಿನೆಟ್ ತಗೊಂಡು ಉಳದ ರೊಕ್ಕಕ್ಕ ದೊಡ್ಡ ಸ್ಪೀಕರ್ ತಗೋತೀರೋ, ಸದ್ದಿಲ್ಲದ ಕ್ಯಾಬಿನೆಟ್ ತಗೊಂಡು ಸಣ್ಣ ಸ್ಪೀಕರ್ ತಗೋತೀರೋ? ಎರಡೂ ಈ ರೊಕ್ಕದಾಗ ಆಗೂದಿಲ್ಲ.

ಮಾರುತಿರಾವ್: ದೊಡ್ಡ ಸ್ಪೀಕರ್! ಮಗ್ಗದ ಸದ್ದು ಮುಳಗಬೇಕು.

ಶಾಲನ್: ಮಗ್ಗದ ಸದ್ದು ಮುಳಗಬೇಕಂದ್ರ ಈ ಊರಾಗ ಸಮುದ್ರ ತರಬೇಕು. ಅಭಿನಂದನ ಭಾವೂ, ನಾ ಹೇಳೂದು ಕೇಳ್ರಿ. ಲಗ್ನ ಆದಾಗಿಂದ ಒಂದ ಒಂದು ಪಿಕ್ಚರಿನ ಮಾತು ಪೂರಾ ಕೇಳಿಲ್ಲ ನಾನು. ತುಟಿ ನೋಡಿ ಕತಿ ಕಟ್ಕೋತೀನಿ. ಒಂದ್ರಾಗ ಮುದುಕಿ ಸೊಸೀನ್ನ ಅಪ್ಕೊಂಡು ಹರಸಿದ್ಲು ಅಂತ ನಾನೂ ಕಣ್ಣೀರ ಹಾಕಿದೆ. ಆಮ್ಯಾಲ ನಮ್ಮಕ್ಕ ಹೇಳಿದ್ಲು, ಅದು ಹರಸಿದ್ದಲ್ಲಂತ, ನಿನ್ನ ಮನಿ ಹಾಳಾಗ್ಲಿ ಅಂದದ್ದಂತ!

ಮಾರುತಿರಾವ್: ಅತ್ತದ್ದಂತೂ ಲುಕ್ಸಾನಾಗಿಲ್ಲ.

ಶಾಲನ್: ನೀವು ಸುಮ್ನಿರ್ರಿ. ವಾರಕ್ಕ ಒಂದ ದಿನ ಮಗ್ಗ ನಿಂದರ್ತಾವ, ಅವತ್ತ ಟಿವಿಯಾಗ ಬೇಕಾದ ಪಿಕ್ಚರ್ ಬರೂದಿಲ್ಲ. ಇನ್ಮ್ಯಾಲೆ ಆ ದಿನ ಒಂದು ಪಿಕ್ಚರ್, ಮೊದಲಿಂದ ಕಡೀತನ, ಒಂದೂ ಮಾತು ಬಿಡದಂಗ ಕೇಳಬೇಕು ನಾನು. ಆವಾಗ ಈ ಪೆಟ್ಟಿಗಿನೂ ಗುರ್ ಅನ್ನಬಾರ್ದು. ರೊಕ್ಕ ನಂದು, ಮಗ್ಗದ ಕಂಡಿಕಿಗೆ ನೂಲು ಸುತ್ತಿ ಕೂಡಿಸಿದ್ದು. ಸದ್ದಿಲ್ಲದ್ದ ಕೊಡ್ರಿ.

ಮಾರುತಿರಾವ್ ಮೂರು ಫ್ಯಾನಿನ ಡಬ್ಬಿಯನ್ನು ಮತ್ತೆ ಕಪಾಟಿಗೆ ತುರುಕಿದ.

ಅಭಿನಂದನ ಒಂದೊಂದೇ ಭಾಗವನ್ನು ಕೂರಿಸಿದ. ಒಂದು ತಿರುಪನ್ನು ಹೆಚ್ಚು ಬಿಗಿದಂತೆ ಕಂಡು ಸಡಿಲಿಸಿ ಮತ್ತೆ ಬಿಗಿದ. ವೈರುಗಳನ್ನು ಜಡೆ ಹೆಣೆದಂತೆ ಹೊಂದಿಸಿ ಮುಚ್ಚಳ ಹಾಕಿ, ಅಂಗಡಿಯ ಟಿವಿಗೆ ಜೋಡಿಸಿ ಗುಂಡಿ ಒತ್ತಿದ.

ಮಾರುತಿರಾವ್: ಹೂಂ, ಶುರು ಮಾಡು.

ಅಭಿನಂದನ: ಶುರು ಆಗೇತ್ರಿ.

ಮಾರುತಿರಾವ್: (ಕಿವಿ ಹಚ್ಚಿ) ಏನ್ ಶುರು? ಸತ್ತೈತಿ ಇದು. ಮಗ್ಗ ಸುಮ್ನಾತಂದ್ರ ದಾರ ಹರದೈತಿ ಅಂತ ಅರ್ಥ.

ಅಭಿನಂದನ: ಟಿವಿ ನೋಡ್ರಿ, ಚಿತ್ರ ಬಂದೈತಿ.

ಮಾರುತಿರಾವ್: ಹೆಣಕ್ಕ ಕನಸು ಬಿದ್ದಂಗ ಕಾಣ್ತೈತಿ.

ಶಾಲನ್ ರೊಕ್ಕ ಎಣಿಸಿಟ್ಟು, ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೊರಟಳು.

ಮಗ್ಗಗಳ ರಜೆಯ ದಿನ ಮಧ್ಯಾಹ್ನ ಅಭಿನಂದನ ಇನ್ನೂ ಊಟದ ಡಬ್ಬಿ ಮುಚ್ಚಿರಲಿಲ್ಲ. ಬೀದಿಯ ತುದಿಯಿಂದಲೇ ಇಬ್ಬರ ದನಿ ಕೇಳಿಸಿತು.

ಮಾರುತಿರಾವ್: ಸದ್ದು ಮಾಡೋದೊಂದು ಫ್ಯಾನ್ ಕೊಡು! ಈಗಿಂದೀಗ!

ಅಭಿನಂದನ: ಯಾಕ್ರಿ, ಮಷೀನ್ ನಡೀತಿಲ್ಲೇನು?

ಶಾಲನ್: ಮಷೀನ್ ಬಂಗಾರದಂಗ ನಡೀತೈತಿ. ಇವರ ಬಾಯೂ ನಡೀತೈತಿ. ರಜಾ ದಿನ ಇಸ್ಪೀಟ್ ಆಡಾಕ ಹೋಗಾವ್ರು, ಇವತ್ತ ಪಿಕ್ಚರ್ ನೋಡ್ತೀನಿ ಅಂತ ನನ್ನ ಪಕ್ಕ ಕುಂತ್ರು. ನಾಯಕಿ ಸಾಯಾಕ ಹತ್ತಿದ್ಲು. ಸಾಯೋಮುಂದ ಗಂಡಗ ಏನೋ ಹೇಳಿದ್ಲು. ಇವರು ಅಂತಾರ, ಆಕಿ ಸೀರಿ ಅಂಚು ನೋಡು, ಹೊಕ್ಕಿನ ದಾರ ಬಿಟ್ಟೈತಿ!

ಮಾರುತಿರಾವ್: ಬಿಟ್ಟಿತ್ತು! ಅಂಥಾ ಬಟ್ಟಿ ನಾವು ಮೂಟಿ ಕಟ್ಟಾಕೂ ಹಾಕೂದಿಲ್ಲ. ಅದನ್ನ ಉಟ್ಕೊಂಡಾಕಿ ಸತ್ತರ ಏನ್ ಹೋತು?

ಶಾಲನ್: ಏನ್ ಹೇಳಿ ಸತ್ಲೋ, ಆ ದೇವರಿಗೇ ಗೊತ್ತು. ಅಲ್ಲೇ ನಿಲ್ಲಿಸಿ ಬಂದೀನಿ.

ಮಾರುತಿರಾವ್: ತಪ್ಪು ಈ ಪೆಟ್ಟಿಗಿದು. ಎದುರಿಗೆ ಅದು ಸುಮ್ನ ಕುಂತ್ರ ನನಗ ಯಾರೋ ಸತ್ತ ಮನಿಗೆ ಹೋಗಿ ಕುಂತಂಗ ಆಗ್ತೈತಿ. ನಾನಾದ್ರೂ ಮಾತಾಡಬೇಕೋ ಬ್ಯಾಡೋ?

ಇಂಥವರ ಜೊತೆ ವಾದಿಸುವುದಕ್ಕಿಂತ ಫ್ಯಾನು ಕೊಡುವುದೇ ಮೇಲು ಎಂದುಕೊಂಡು ಅಭಿನಂದನ ಮೂಲೆಯ ಬುಟ್ಟಿಗೆ ಕೈ ಹಾಕಿದ. ಯಾರೋ ಸದ್ದು ತಾಳಲಾರದೆ ಕಿತ್ತು ಬಿಸಾಕಿ ಹೋಗಿದ್ದ ಒಂದು ಹಳೆಯ ಫ್ಯಾನು ಸಿಕ್ಕಿತು. ವೈರು ಸಿಕ್ಕಿಸಿದ್ದೇ ತಡ, ಖರ್ರ್ ಟಕಟಕ ಎಂದು ಮೇಜೆಲ್ಲ ಅದುರಿತು. ಮಾರುತಿರಾವನ ಮುಖ ಅರಳಿತು. ಸ್ಟೂಲು ಎಳೆದು ಕುಳಿತು, ರಟ್ಟಿನ ಡಬ್ಬಿಗಳಿಗೆ ಬೆನ್ನು ಕೊಟ್ಟ.

ಮಾರುತಿರಾವ್: ಕೇಳು! ಮಷೀನ್ ಅಂದ್ರ ಇದು. ಕಲತಾಂವ ಅಂತ ನಿನಗ ಜಂಬ. ಖರೇ ಹೇಳಬೇಕಂದ್ರ... ನೀವೆಲ್ಲಾ...

ಮಾತು ಅಲ್ಲಿಗೇ ನಿಂತಿತು. ಗದ್ದ ಎದೆಗೆ ತಗುಲಿತು.

ಅಭಿನಂದನ: ವಹಿನಿ! ಏನಾತ್ರಿ ಇವರಿಗೆ? ನೀರು ತರ್ಲೇನು?

ಶಾಲನ್: ಏನೂ ಆಗಿಲ್ಲ. ಮಗ್ಗದ ಸಂದ್ಯಾಗ ದಿನಾ ಹಿಂಗ ಮಲಗ್ತಾರ. ಸದ್ದು ನಿಂತರ ಮಾತ್ರ ಎಚ್ಚರ ಆಗ್ತೈತಿ.

ಅಭಿನಂದನ ವೈರು ಕೀಳಲು ಕೈ ಚಾಚಿದ. ಶಾಲನ್ ಆ ಕೈಯನ್ನು ಗಪ್ಪನೆ ಹಿಡಿದುಕೊಂಡಳು. ಗಂಡನನ್ನು ನೋಡಿದಳು, ಫ್ಯಾನನ್ನು ನೋಡಿದಳು. ಏನೋ ಹೊಳೆದಂತೆ ಅವಳ ಮುಖ ನಿಧಾನಕ್ಕೆ ತಿಳಿಯಾಯಿತು.

ಅಭಿನಂದನ: ಹಂಗಾದ್ರ ಇದನ್ನ ಮನಿಗೆ ಒಯ್ಯಿರಿ. ಪಿಕ್ಚರ್ ನೋಡೋಮುಂದ ಹಚ್ಚಿಬಿಡ್ರಿ.

ಶಾಲನ್: ಮನಿಗೆ ಒಯ್ದರ ನನಗ ಮಾತು ಕೇಳಸ್ತಾವೇನು? ಫ್ಯಾನೂ ಇಲ್ಲೇ ಇರ್ಲಿ, ಇವರೂ ಇಲ್ಲೇ ಇರ್ಲಿ. ಆಕಿ ಏನ್ ಹೇಳಿ ಸತ್ಲು ಅಂತ ಕೇಳ್ಕೊಂಡು ಬರ್ತೀನಿ. ಅಲ್ಲೀತನ ಬಂದ್ ಮಾಡಬ್ಯಾಡ್ರಿ.

ಅಭಿನಂದನ: ವಹಿನಿ, ಇದು ಅಂಗಡಿ ರಿ! ಗಿರಾಕಿ ಬಂದ್ರ ಏನ್ ಹೇಳ್ಲಿ?

ಅವಳು ಆಗಲೇ ಬೀದಿಗೆ ಇಳಿದಿದ್ದಳು.

ಶಾಲನ್: ಗಿರಾಕಿ ಬಂದ್ರ ಇವರನ್ನ ತೋರಸ್ರಿ. ಮಾರಾಕಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ!